ದಸ್ತಿಯ ಕೆಳಗೆ ಬಿಡದ ಕೈ

ಯಂತ್ರಕ್ಕೆ ಮುಖ ಮಾಡಲು ಹೋಗಬೇಡಿ. ಸಂಶೋಧನೆಗೆ ಹೊರಟವರು ಯಾರೇ ಬಂದು ಕೇಳಲಿ, ನಾನು ಮೊದಲು ಹೇಳುವ ಮಾತು ಇದೇ. ಮುಖಕ್ಕೆ ಖರ್ಚು ಹೆಚ್ಚು, ಕೆಡುವುದು ಬೇಗ, ಮೇಲಾಗಿ ಮುಖವನ್ನು ಯಾರೂ ನಂಬುವುದಿಲ್ಲ. ಕೈ ಮಾಡಿ. ಆದರೆ ಅದಕ್ಕೆ ಯಾರ ಕೈಯಿಂದ ಕಲಿಸುತ್ತೀರಿ, ಎಂಥ ದಿನಗಳಲ್ಲಿ ಕಲಿಸುತ್ತೀರಿ ಎನ್ನುವುದನ್ನು ನೋಡಿಕೊಳ್ಳಿ. ಈ ಎರಡನೆಯ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಬೀದರಿನ ಒಂದು ಕಾಲೇಜಿನಲ್ಲಿ ನಾನು ಡಾಕ್ಟರೇಟಿಗೆ ಸೇರಿದ್ದು ಬರದ ಎರಡನೆಯ ವರ್ಷ. ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ಕವರು ಮಾರಿ ಡಿಪ್ಲೊಮಾ ಮಾಡಿದವನು ನಾನು. ಗುಜರಿಯಲ್ಲಿ ಕೊಂಡ ಮೋಟಾರುಗಳಿಂದ ಎಂಜಿನಿಯರಿಂಗ್ ಪ್ರಾಜೆಕ್ಟು ಮುಗಿಸಿದವನು. ಯಾವ ಸಾಮಾನಿಗೂ ಹೇಳಿದ ಬೆಲೆ ಕೊಟ್ಟವನಲ್ಲ. ನನ್ನ ವಿಷಯ ಹೀಗಿತ್ತು: ಜನರ ಜೊತೆಗಿರಲೆಂದು ಮಾಡುವ ರೋಬೋಟು, ಬಾಯಿಯಿಲ್ಲದೆ, ಬರೀ ಮೈಯಿಂದ, ಹೆಗಲು ಬಾಗಿಸಿ, ಕತ್ತು ವಾಲಿಸಿ, ಕೈ ಹಿಡಿದು, ‘ನಿನ್ನ ಮಾತು ಕೇಳುತ್ತಿದ್ದೇನೆ’ ಎಂದು ತಿಳಿಸಬಲ್ಲದೇ? ನನ್ನ ಗೈಡು ಕಣ್ಣು, ಹುಬ್ಬು ಇರುವ ಮುಖ ಬೇಕೆಂದರು. ನಾನು ಭಾಲ್ಕಿಯ ದನದ ಸಂತೆಗೆ ಹೋದೆ.

ಆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲಾಲ ಹೆಗಲ ಮೇಲಿನ ವಸ್ತ್ರವನ್ನು, ನಮ್ಮ ಕಡೆ ದಸ್ತಿ ಎನ್ನುತ್ತಾರೆ, ಎರಡು ಕೈಗಳ ಮೇಲೆ ಹಾಸುತ್ತಾನೆ. ಕೆಳಗೆ ಬೆರಳುಗಳು ಮಾತಾಡುತ್ತವೆ. ಹಿಡಿದ ಬೆರಳಿಗೊಂದು ಬೆಲೆ, ಗೆಣ್ಣಿಗೆ ಅದರ ಅರ್ಧ. ಮುಖಗಳು ಬೇರೆಲ್ಲೋ ನೋಡುತ್ತಿರುತ್ತವೆ; ನೊಣ ಓಡಿಸುತ್ತಿರುತ್ತವೆ, ಆಕಳಿಸುತ್ತಿರುತ್ತವೆ. ಕೊನೆಗೆ ಐದೂ ಬೆರಳು ಮುಚ್ಚಿ, ಹೆಬ್ಬೆರಳು ಒಮ್ಮೆ ಒತ್ತಿತೆಂದರೆ ಸೌದಾ ಮುಗಿಯಿತು. ಆಮೇಲೆ ಅದನ್ನು ಬಿಡಿಸಬೇಕಾದರೆ ಮುಚ್ಚಿದ ಕೈಯೇ ಮತ್ತೆ ದಸ್ತಿಯ ಕೆಳಗೆ ಬಂದು ಬಿಡಬೇಕು. ಕಾಗದ, ಪಂಚಾಯ್ತಿ, ಅಳು, ಯಾವುದೂ ನಡೆಯುವುದಿಲ್ಲ. ಹೀಗೆ ಬಿಡಿಸಿಕೊಳ್ಳುವುದು ನಾಚಿಕೆಯ ಕೆಲಸವಾದ್ದರಿಂದ ಬಹಳ ಜನ ಮಾಡುವುದೂ ಇಲ್ಲ.

ಅಲ್ಲಿದ್ದ ದಲಾಲರಲ್ಲಿ ಹಿರಿಯನೊಬ್ಬನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಯಾವಾಗಲೋ ಹಗ್ಗಕ್ಕೆ ಸಿಕ್ಕು ಅವನ ಬಲಗೈಯ ತೋರುಬೆರಳು ಸೊಟ್ಟಗಾಗಿತ್ತು. ಉಳಿದ ನಾಲ್ಕು ಮುಚ್ಚಿದ ಮೇಲೆ ಅದೊಂದು ತಡವಾಗಿ ಬಂದು ಸೇರುತ್ತಿತ್ತು.

“ಯಾವ ಜಡ್ಡಿನ ಡಾಕ್ಟರ್ ಆಗ್ಲಕತ್ತೀರಿ ಸಾಹೇಬ್ರ?” ಎಂದು ಕೇಳಿದ.

“ಜಡ್ಡಿಂದಲ್ರಿ ಕಾಕಾ, ಮಶೀನಿಂದು. ಮಶೀನಿಗಿ ಕೈ ಮಾಡ್ಲಕತ್ತೀನಿ. ನಿಮ್ಮ ಕೈ ನೋಡಿ ಅದು ಕಲಿಬೇಕು.”

“ಈ ಕೈ ಕಲಿಲಾಕ ನನಗ ನಲವತ್ತ ವರ್ಷ ಹಿಡದದ. ನಿನ್ನ ಮಶೀನಿಗಿ ಎಷ್ಟ ದಿನ ಬೇಕು?”

“ಮೂರ ದಿನ ಸಾಕ್ರಿ.”

“ಭಾಳ ಶಾಣ್ಯಾ ಅದ ಹಂಗಾರ. ನನಗಿಂತಾ ಅದಕ್ಕೇ ಲಗ್ನ ಮಾಡ್ರಿ.”

ಸುತ್ತಲಿದ್ದವರು ನಕ್ಕರು. ಅವನು ದಸ್ತಿ ಹಾಸಿದ. ಸಂವೇದಕಗಳನ್ನು ಹೊಲಿದ ಗವಸನ್ನು ಹಾಕಿಕೊಂಡು ಮೂರು ದಿನ ಸಂತೆ ಮಾಡಲು ಇಷ್ಟು ಎಂದು ನಮ್ಮಿಬ್ಬರ ನಡುವೆ ಕೈ ಮುಚ್ಚಿತು. ಮನೆಗೆ ಬಂದು ಯೋಚಿಸಿದೆ. ಮೂರು ದಿನಕ್ಕೆ ಕೊಡುವುದರಲ್ಲೇ ಎಂಟು ದಿನ ಏಕಾಗಬಾರದು? ಮರುದಿನ ಬೆಳಿಗ್ಗೆ ಹೋಗಿ, ಗವಸು ತೊಡಿಸಿ ತಂತಿ ಸರಿಯಿದೆಯೇ ಎಂದು ನೋಡುತ್ತಲೇ ವಿಷಯ ಎತ್ತಿದೆ. ಸಂತೆಯಲ್ಲಿ ಕೊಳ್ಳುವವರು ಕಡಿಮೆ, ಮಾರುವವರೇ ಹೆಚ್ಚು, ಕಾಕಾನಿಗೆ ಬೇರೆ ಗಳಿಕೆಯಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಅವನು ದಸ್ತಿ ಹಾಸಿ, ಗವಸಿನ ಕೈಯಿಂದಲೇ ಹಿಂದಿನ ದಿನದ ಸೌದಾ ಬಿಟ್ಟ. ಹೊಸದಕ್ಕೆ ಕೈ ಮುಚ್ಚಿದ. ಅದೇ ದುಡ್ಡು, ಎಂಟು ದಿನ.

“ಭಾಳ ಮುಂದ ಹೋಗ್ತಿ ನೀ,” ಎಂದ ಅಷ್ಟೇ. ನಾನು ಹೊಗಳಿಕೆ ಎಂದುಕೊಂಡೆ. ಈ ಕಥೆಯನ್ನು ಎರಡು ವರ್ಷ ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದವನು ನಾನೇ.

ಆ ಬೇಸಿಗೆ ಸಂತೆಗೆ ವಾರವೆಂಬುದು ಉಳಿದಿರಲಿಲ್ಲ, ದಿನವೂ ಕೂಡುತ್ತಿತ್ತು. ಊರು ಬಿಡುವವರು ದನ ಹೊಡೆದುಕೊಂಡು ಬರುತ್ತಿದ್ದರು, ಹಗ್ಗ ಹೆಗಲ ಮೇಲೆ ಹಾಕಿಕೊಂಡು ರೈಲಿನ ಕಡೆ ಹೋಗುತ್ತಿದ್ದರು. ಎಂಟು ದಿನದಲ್ಲಿ ಒಂದೇ ಒಂದು ಸೌದಾ ಮುರಿಯಲಿಲ್ಲ. ಮುರಿಯಲು ಮನೆಯಲ್ಲಿ ಇನ್ನೊಂದು ವಾರದ ಮೇವು ಇರಬೇಕಲ್ಲ. ಐದನೆಯ ದಿನ ಕಾಕಾ ಗವಸಿನ ಕೈಯನ್ನು ಗಾಳಿಯಲ್ಲಿ ಕೊಡವಿ, “ಜೋಮ ಹಿಡದದಪಾ” ಎಂದ. ಇನ್ನು ಮೂರೇ ದಿನ ಎಂದೆ ನಾನು. ಮೂರು ದಿನದ ಸೌದಾವಾಗಿದ್ದರೆ ಅವನ ಕೆಲಸ ಅಷ್ಟೊತ್ತಿಗೆ ಮುಗಿದಿರುತ್ತಿತ್ತು. ಇದು ಆಗ ಹೊಳೆಯಲಿಲ್ಲ.

ಎರಡು ವರ್ಷದ ಮೇಲೆ ರೋಬೋಟು ತಯಾರಾಯಿತು, ಬರ ಇನ್ನೂ ಮುಗಿದಿರಲಿಲ್ಲ. ಸೊಂಟದವರೆಗಿನ ಮೈ, ಎರಡು ಹೆಗಲು, ಕತ್ತು, ಅದರ ಮೇಲೆ ತಲೆಯ ಜಾಗದಲ್ಲಿ ಕಣ್ಣು ಮೂಗು ಇಲ್ಲದ, ಬಲೂನಿನಂಥ ಬಿಳಿ ಬುಗ್ಗೆ. ಬಲಗೈ ಮಾತ್ರ ಪೂರ್ತಿ. ಮೆತ್ತನೆಯ ಬೆರಳುಗಳು, ಒಳಗೆ ಸಣ್ಣ ಮೋಟಾರುಗಳು. ಎದುರಿಗೆ ಕೂತವರು ಕೈಯನ್ನು ದಸ್ತಿಯ ಕೆಳಗೆ ಇಟ್ಟು ಮನಸ್ಸಿನಲ್ಲಿದ್ದದ್ದು ಹೇಳಬೇಕು. ಅವರು ಮಾತಾಡುವಾಗ ಬೆರಳುಗಳು ಸಣ್ಣಗೆ ಒತ್ತುತ್ತವೆ. ಮಾತು ಮುಗಿಯಿತೆಂದು ಯಂತ್ರಕ್ಕೆ ಅನಿಸಿದಾಗ ಸಮಾಧಾನ ಹೇಳಬೇಕು. ಸಮಾಧಾನಕ್ಕೆ ಯಾವ ಹಿಡಿತ ಇಡಲಿ ಎಂದು ನಾನು ಎರಡು ದಿನ ಯೋಚಿಸಿದ್ದೆ. ಕೊನೆಗೆ ಐದೂ ಬೆರಳು ಮುಚ್ಚಿ ಹೆಬ್ಬೆರಳು ಒತ್ತುವುದನ್ನೇ ಇಟ್ಟೆ. ನನ್ನ ಮಟ್ಟಿಗೆ ಅದಕ್ಕಿಂತ ಹಾಯಾದ ಸ್ಪರ್ಶವಿರಲಿಲ್ಲ. ಸೌದಾ ಮುಗಿಯಿತು ಎನ್ನುವುದೇ ನನಗೆ ಗೊತ್ತಿದ್ದ ಸಮಾಧಾನ.

ಸೊಟ್ಟ ಬೆರಳಿನ ತಡವೂ ಹಾಗೇ ಬಂದಿತ್ತು. ಮೊದಲು ದೋಷವೆಂದುಕೊಂಡು ತಿದ್ದಲು ಹೊರಟಿದ್ದೆ. ಆದರೆ ತಿದ್ದಿದರೆ ಇಕ್ಕಳ ಹಿಡಿದಂತಾಗುತ್ತಿತ್ತು. ಬಿಟ್ಟರೆ ಮನುಷ್ಯನ ಕೈ. ಬಿಟ್ಟೆ.

ಅವ್ವ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಜೀವಮಾನವೆಲ್ಲ ರೋಗಿಗಳ ಕೈ ಹಿಡಿದವಳು. ಒಂದು ಮಧ್ಯಾಹ್ನ ಅವಳನ್ನು ಕರೆದುಕೊಂಡು ಬಂದು ಕೂರಿಸಿದೆ. ಕೈ ಇಟ್ಟಳು, ಎರಡು ಮಾತಾಡಿದಳು, ಅದು ಮುಚ್ಚಿತು. ಅವಳು ಕೈ ಎಳೆದುಕೊಂಡು ಬಳೆ ಎಣಿಸಿಕೊಂಡಳು.

“ಇದು ಹಿಡಿಯೋ ಕೈ ಅಲ್ಲೋ,” ಎಂದಳು. “ತಗೊಳ್ಳೋ ಕೈ ಅದ.”

ನಾನು ನಕ್ಕೆ. ಗೈಡು ಬಂದು ಕೂತರು. ಎದ್ದ ಮೇಲೆ, ಮಾತು ಮುಂದುವರಿಸುತ್ತಲೇ, ಎಡಗೈಯಿಂದ ತಮ್ಮ ಉಂಗುರ ಮುಟ್ಟಿ ನೋಡಿಕೊಂಡರು. ಅವರಿಗೇ ಅದು ತಿಳಿದಂತೆ ಕಾಣಲಿಲ್ಲ.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಔರಾದ ತಾಲ್ಲೂಕಿನಲ್ಲಿ, ಎಕಂಬಾ ದಾಟಿದ ಮೇಲಿನ ಒಂದು ಸಣ್ಣ ಹಳ್ಳಿ. ಊರಲ್ಲಿ ಉಳಿದವರಿಗೆ ಕೆಲಸವಿಲ್ಲ, ಆದ್ದರಿಂದ ಪರೀಕ್ಷೆಗೆ ಕೂರಲು ಬೇಡುವ ದಿನಗೂಲಿ ಕಡಿಮೆ. ನನ್ನ ಲೆಕ್ಕ ಅದು. ಔರಾದಕ್ಕೆ ಹೋಗುವ ಬಸ್ಸು ಆಗ ಖಾಲಿ ಇರುತ್ತಿತ್ತು. ಡ್ರೈವರು, ಕಂಡಕ್ಟರು, ನಾನು, ಪಕ್ಕದ ಸೀಟಿನಲ್ಲಿ ಚಾದರ ಹೊದಿಸಿದ ಯಂತ್ರ. ಎದುರಿನಿಂದ ಬರುವ ಬಸ್ಸುಗಳು ಮಾತ್ರ ಕೊಡ, ಹಾಸಿಗೆ, ಮಕ್ಕಳಿಂದ ತುಂಬಿ ಒಂದು ಕಡೆ ವಾಲಿರುತ್ತಿದ್ದವು. ಕಂಡಕ್ಟರ್ ಚಾದರದ ಕಡೆ ನೋಡಿ ಎರಡು ಟಿಕೆಟ್ ಹರಿದ. ಒಂದೂವರೆಗೆ ಒಪ್ಪಿಸಿದೆ.

ಹಳ್ಳಿಯಲ್ಲಿ ಹನ್ನೊಂದು ಮನೆಗಳಲ್ಲಿ ಹೊಗೆಯಿತ್ತು. ಉಳಿದ ಬಾಗಿಲುಗಳಿಗೆ ಬೀಗ, ಬೀಗದ ಮೇಲೆ ಜಾಲಿಯ ಮುಳ್ಳು. ರಜೆಯಲ್ಲಿದ್ದ ಶಾಲೆಯ ಒಂದು ಕೋಣೆ ಕೇಳಿ ಪಡೆದೆ. ಅಲ್ಲಿ ಕರೆಂಟು ಹೋಗುವುದು ಬರುವುದು ನಡೆದೇ ಇರುತ್ತಿತ್ತು. ಕರೆಂಟು ಬಂದಾಗಲೆಲ್ಲ ಯಂತ್ರ ತನ್ನ ಮೊದಲಿನ ಭಂಗಿಗೆ ಬರಬೇಕು, ನಾನೇ ಹಾಗೆ ಬರೆದದ್ದು. ಎಷ್ಟೋ ಸಲ ಹಾಡಹಗಲಲ್ಲಿ ನಾನು ಬೇವಿನ ಕೆಳಗೆ ಕೂತಿದ್ದಾಗ ಕಿಟಕಿಯಲ್ಲಿ ಕಾಣುತ್ತಿತ್ತು: ಯಾರೂ ಇಲ್ಲದ ಕೋಣೆಯಲ್ಲಿ ಬಿಳಿ ಬುಗ್ಗೆ ಮೆಲ್ಲಗೆ ಮೇಲೆದ್ದು, ಹೆಗಲು ತಿರುಗಿ, ಕೈ ಮುಂದೆ ಬಂದು, ಎದುರಿನ ಖಾಲಿ ಕುರ್ಚಿಯ ಕಡೆ ಬೆರಳು ಬಿಚ್ಚಿ ಕಾಯುತ್ತಿತ್ತು. ತೋರುಬೆರಳು ಕೊನೆಗೆ.

ಬಂದವರೆಲ್ಲ ನನ್ನ ಫಾರಮಿನಲ್ಲಿ ‘ನನ್ನ ಮಾತನ್ನು ಕೇಳಿತು’ ಎನ್ನುವ ಸಾಲಿನ ಮುಂದೆ ಗುರುತು ಹಾಕಿದರು. ಗೈಡಿಗೆ ಫೋನು ಮಾಡಿ ಹಿಗ್ಗಿದೆ. ಆದರೆ ಹೊರಗೆ ಹೋಗುವಾಗ ಒಬ್ಬೊಬ್ಬರೂ ಬಾಗಿಲಲ್ಲಿ ನಿಲ್ಲುತ್ತಿದ್ದರು. ಹೆಂಗಸರು ಸೆರಗಿನ ಗಂಟು ಮುಟ್ಟಿಕೊಳ್ಳುತ್ತಿದ್ದರು. ಒಬ್ಬ ಮುದುಕ ಎರಡೂ ಕಿಸೆ ಹೊರಗೆಳೆದು ನೋಡಿದ.

“ಏನರೆ ಕಳಕೊಂಡ್ರೇನ್ರಿ?” ಎಂದೆ.

“ಇಲ್ಲಪಾ,” ಎಂದು ಅಂಗಳದ ತುಂಬ ಕಣ್ಣಾಡಿಸಿದ. “ಏನೋ ಕೊಟ್ಟಂಗ ಆಯ್ತು. ಏನ್ ಕೊಟ್ಟೆ ಅಂಬೋದು ನೆಪ್ಪಾಗವಲ್ದು.”

ಮೂರನೆಯ ದಿನ ಬಂದವಳು ಗಾಡಿಯ ಹೆಂಗಸು. ಗಂಡನಿಲ್ಲದವಳು, ನಲವತ್ತೈದರ ಆಸುಪಾಸು. ಊರಲ್ಲಿ ಉಳಿದ ಒಂದೇ ಜೋಡಿ ಎತ್ತು ಅವಳದು. ಟ್ಯಾಂಕರು ಡಾಂಬರು ರಸ್ತೆಯವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಡ್ರಮ್ಮುಗಳಲ್ಲಿ ನೀರು ತುಂಬಿ ಗಾಡಿಯಲ್ಲಿ ಹನ್ನೊಂದು ಮನೆಗೂ ತರುವವಳು ಅವಳೇ. ಅವಳ ಗಾಡಿ ನಡೆಯುವವರೆಗೆ ಆ ಊರು ಊರು.

“ಇದರ ಮುಂದ ಏನ್ ಹೇಳ್ಬೇಕು?” ಎಂದಳು.

“ಮನಸಿನ್ಯಾಗ ಇದ್ದದ್ದು ಹೇಳ್ರಿ.”

“ಮನಸಿನ್ಯಾಗ ಎತ್ತು ಅವ.” ಕೈಯನ್ನು ದಸ್ತಿಯ ಕೆಳಗೆ ಇಟ್ಟು ಬುಗ್ಗೆಯ ಕಡೆ ನೋಡದೆ ಕಿಟಕಿಯ ಕಡೆ ನೋಡಿದಳು, ಸಂತೆಯಲ್ಲಿ ಗಂಡಸರು ನೋಡುವ ಹಾಗೆ. “ಮಂದಿ ಎಲ್ಲಾ ಮಾರ್ಯಾರ. ನಾ ಮಾರಿಲ್ಲ. ಮೇವು ಮುಗಿಲಕತ್ತದ. ನಾನೂ ಮಾರಲೇನು?”

ಅಲ್ಲಿಗೆ ನಿಂತಳು. ಮಾತು ಮುಗಿಯಿತೆಂದು ಯಂತ್ರ ತಿಳಿಯಿತು. ಹೆಗಲು ಇಳಿಯಿತು, ಕತ್ತು ವಾಲಿತು. ದಸ್ತಿಯ ಕೆಳಗೆ ಬೆರಳುಗಳು ಮುಚ್ಚುವುದು ಬಟ್ಟೆಯ ಮೇಲೆ ಕಾಣಿಸಿತು.

ಅವಳ ಮುಖ ಸಪ್ಪಗಾಯಿತು. “ಈ ಕೈ ಭಾಲ್ಕಿ ಸಂತ್ಯಾಗಿನ ಕಾಕಾಂದಲ್ಲೇನು?”

“ನಿಮಗ ಹ್ಯಾಂಗ ಗೊತ್ತಾಯ್ತು?”

“ತೋರಬೆರಳು ತಡಾ ಮಾಡಿ ಬರ್ತದ.”

“ಹೌದ್ರಿ, ಅವರ ಕೈಲೇ ಕಲಿಸೀನಿ,” ಎಂದೆ, ಹೆಮ್ಮೆಯಿಂದಲೇ.

“ಹಂಗಾರ ಮುಗೀತು,” ಎಂದು ಎದ್ದು ಹೋದಳು. ನಾನು ನೋಟ್‌ಬುಕ್ಕಿನಲ್ಲಿ ‘ಬಹಳ ತೃಪ್ತಿ’ ಎಂದು ಬರೆದೆ.

ಎರಡು ದಿನದ ಮೇಲೆ ಬೆಳಿಗ್ಗೆ ಶಾಲೆಯ ಮುಂದೆ ಖಾಲಿ ಕೊಡಗಳ ಸಾಲು. ಕೊಡಗಳ ಹಿಂದೆ ಹೆಂಗಸರು.

“ನಿನ್ನ ಮಶೀನು ಅಕಿ ಎತ್ತ ಕೊಂಡದಂತ,” ಎಂದಳು ಒಬ್ಬಳು. “ಗಾಡಿ ಹೂಡ್ಲಕ ಒಲ್ಲಳು. ಬ್ಯಾರೇರ ಎತ್ತು ನಾ ಹೂಡಂಗಿಲ್ಲ ಅಂತಾಳ. ನಿನ್ನ ಮಶೀನಿಗೇ ಹೂಡೋ ಗಾಡಿ, ನೀರ ತರ್ಲಿ.”

ಯಾರೂ ನಗಲಿಲ್ಲ. ಶುಕ್ರವಾರ ಮುಕಾದಮನ ಲಾರಿ ಬರುವುದಿತ್ತು, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಆಳು ತುಂಬಿಕೊಂಡು ಹೋಗಲು. ಗಾಡಿ ನಡೆಯದಿದ್ದರೆ ಹನ್ನೊಂದು ಮನೆಯೂ ಲಾರಿ ಹತ್ತುತ್ತವೆ. ಅವತ್ತು ಸೋಮವಾರ.

ಅವಳ ಅಂಗಳಕ್ಕೆ ಹೋದೆ. ಎತ್ತುಗಳ ಮೈ ತೊಳೆದಿತ್ತು, ಮುಂದೆ ಮೇವು ಇತ್ತು. ಹಗ್ಗ ಇರಲಿಲ್ಲ. ಮಾರಿದ ಎತ್ತಿನ ಹಗ್ಗವನ್ನು ಮಾರಿದವರು ಬಿಚ್ಚಿ ಮನೆಯೊಳಗೆ ಇಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ. ಹಗ್ಗವಿಲ್ಲದ ಎರಡು ಎತ್ತುಗಳು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದವು. ಬಾಲ ಕೂಡ ಆಡುತ್ತಿರಲಿಲ್ಲ. ಯಾರೋ ಬಂದು ಕರೆದೊಯ್ಯುವುದನ್ನು ಅವೂ ಕಾಯುತ್ತಿದ್ದಂತೆ.

“ಅಕ್ಕಾ, ಅದು ಮಶೀನ್ ಅದ. ಮಶೀನಿಗಿ ಎತ್ತ ಯಾಕ ಬೇಕ್ರಿ?”

“ಅಷ್ಟು ನನಗ ತಿಳಿಯಲ್ಲೇನು? ನಾ ಏನ್ ಹುಚ್ಚಿನೇನು?” ಹಗ್ಗ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ. “ಮಶೀನಿಗಿ ಕೊಟ್ಟಿಲ್ಲ. ಆ ಕೈಗಿ ಕೊಟ್ಟೀನಿ. ಮಾರಲೇನು ಅಂತ ಕೇಳ್ದೆ, ಕೈ ಮುಚ್ಚಿತು.”

“ನಾ ಬರೆದು ಕೊಡ್ತೇನಿ. ಛಾಪಾ ಕಾಗದದ ಮ್ಯಾಲ. ಎತ್ತ ನಿಮ್ಮವೇ ಅಂತ.”

“ನೀ ಯಾರು ಕೊಡ್ಲಿಕ್ಕ?” ಎಂದಳು. ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದಳು: “ಗಂಡ ಸತ್ತ ವರ್ಷ ನಾ ಒಬ್ಬಾಕೀನೇ ಸಂತಿಗಿ ಹೋಗಿದ್ದೆ. ಹೆಂಗಸು ದಸ್ತಿ ಕೆಳಗ ಕೈ ಹಾಕ್ತದಂತ ನೋಡ್ಲಕ ಮಂದಿ ಕೂಡಿತ್ತು. ಆ ಕಾಕಾ ಎರಡು ದಸ್ತಿ ಹಾಕಿ, ನಡುವ ಒಂದು, ಮ್ಯಾಲ ಒಂದು, ಕೈ ಹಿಡದು ಈ ಜೋಡಿ ಕೊಡಿಸ್ದ. ಅವತ್ತ ಮುಚ್ಚಿದ ಕೈ ಖರೆ ಅಂತ ನನ್ನ ಮನಿ ನಡದದ. ಇವತ್ತ ಮುಚ್ಚಿದ್ದು ಸುಳ್ಳ ಅಂದ್ರ ಅವತ್ತಿಂದೂ ಸುಳ್ಳೇ ಆಗ್ತದಲ್ಲ?”

ನಾನು ತೆಗೆದಿದ್ದ ಪೆನ್ನನ್ನು ಮತ್ತೆ ಕಿಸೆಗೆ ಇಟ್ಟುಕೊಂಡೆ.

“ಬಿಡಿಸ್ಬೇಕಂದ್ರ ಆ ಕೈಲೇ ಬಿಡಸು,” ಎಂದಳು. “ನಾನೂ ಅದನ್ನೇ ಕಾಯ್ಲಕತ್ತೀನಿ.”

ಎಂಟು ದಿನದ ದಾಖಲೆ ಪೂರ್ತಿ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಸೋಮವಾರ ಸಂಜೆಯವರೆಗೆ ಹುಡುಕಿದೆ. ಹಿಡಿಯುವುದು, ಒತ್ತುವುದು, ಇಳಿಸುವುದು, ಮತ್ತೆ ಇಳಿಸುವುದು, ಮುಚ್ಚುವುದು. ಬಿಡುವುದು ಇಲ್ಲ. ನನ್ನ ಯಂತ್ರಕ್ಕೆ ಆ ಒಂದು ಚಲನೆ ಗೊತ್ತೇ ಇರಲಿಲ್ಲ. ಊರು ಬಿಟ್ಟು ಹೋಗುವವರ ಕೈಗಳಿಂದ ಅದು ಕಲಿತದ್ದೆಲ್ಲ ತೆಗೆದುಕೊಳ್ಳುವುದೊಂದೇ. ಅದನ್ನೇ ನಾನು ಮೂರು ದಿನ ಆ ಊರಲ್ಲಿ ಉಳಿದವರ ಕೈಗೆ ಸಮಾಧಾನವೆಂದು ಹಂಚಿದ್ದೆ. ಅವ್ವನ ಬಳೆ ನೆನಪಾಯಿತು.

ಮಂಗಳವಾರ ಗವಸನ್ನು ನಾನೇ ತೊಟ್ಟು, ಬಿಡುವ ಚಲನೆಯನ್ನು ನನ್ನ ಕೈಯಿಂದ ದಾಖಲಿಸಿ, ತೋರುಬೆರಳಿಗೆ ತಡ ಸೇರಿಸಿ, ಯಂತ್ರಕ್ಕೆ ಹಾಕಿದೆ. ಅವಳನ್ನು ಕರೆಸಿದೆ. ಕೈ ಇಟ್ಟು ಕಣ್ಣು ಮುಚ್ಚಿದಳು. ಅರ್ಧಕ್ಕೇ ಎಳೆದುಕೊಂಡಳು.

“ಇದು ನಿನ್ನ ಕೈ.”

“ಹ್ಯಾಂಗ ಅಂತೀರಿ?”

“ಬಿಡೂದ್ರಾಗೂ ಒಂದ ಬೆರಳಿನಷ್ಟು ಉಳಿಸ್ಕೋಳ್ಲಕತ್ತದ.”

ಬುಧವಾರ ಭಾಲ್ಕಿಗೆ ಹೋದೆ. ಸಂತೆಯ ಬಯಲಿನಲ್ಲಿ ಒಂದು ದನವೂ ಇರಲಿಲ್ಲ. ಗೂಟಗಳು ಮಾತ್ರ, ಸಾಲಾಗಿ. ಕಾಕಾನ ಮನೆಗೆ ಬೀಗ. ಎದುರಿನ ಚಹಾದಂಗಡಿಯವನು ನನ್ನನ್ನು ಗುರುತಿಸಿದ.

“ನೀನೇ ಅಲ್ಲೇನು ಕಾಕಾನ ಕೈ ಕೊಂಡವ?”

“ಕೊಂಡಿಲ್ರಿ, ಬರೇ ಅದರ ಅಳತಿ ತಗೊಂಡೀನಿ.”

“ಏನ ತಗೊಂಡ್ಯೋ. ನೀ ಹೋದ ಮ್ಯಾಲ ಅಂವಗ ಚಹಾದ ಬಸಿ ಹಿಡಿಲಾಕ ಆಗ್ಲಿಲ್ಲ. ಡಾಕ್ಟರು ನರ ಅಂದ್ರು. ಮಂದಿ ಬ್ಯಾರೆ ಅಂತಾರ.” ಹೈದರಾಬಾದಿನ ಒಂದು ನಂಬರು ಹಚ್ಚಿ ಫೋನನ್ನು ನನ್ನ ಕೈಗೆ ಕೊಟ್ಟ. ಕೊಡುವಾಗ ನನ್ನ ಬೆರಳು ತನಗೆ ತಾಗದಂತೆ ನೋಡಿಕೊಂಡ.

“ಕಾಕಾ, ನಾನು. ಕೈ ಹ್ಯಾಂಗದರಿ?” ಎಂದೆ.

“ಯಾವ ಕೈ?” ಎಂದಿತು ಅವನ ದನಿ. “ನನ್ನ ಕಡಿ ಇದ್ದದ್ದೋ, ನಿನ್ನ ಕಡಿ ಇದ್ದದ್ದೋ?”

ನಡೆದದ್ದನ್ನೆಲ್ಲ ಹೇಳಿದೆ. ನೀವೇ ಒಮ್ಮೆ ಬಂದು ಬಿಟ್ಟರೆ ಎಂದೆ.

“ಬಂದ್ರ ಏನ್ ಮಾಡ್ಲೋ? ಐದನೇ ದಿನದ ಜೋಮ ಇಳಿದೇ ಇಲ್ಲ. ಇಲ್ಲಿ ಗೇಟ ಕಾಯ್ತೇನಿ. ಎಡಗೈಲೇ ಸಲಾಮ್ ಹೊಡದ್ರ ಮಾಲಕ ಬೈತಾನ. ಈ ಕೈಯಾಗ ಈಗ ಏನೂ ಇಲ್ಲ. ಏನಿದ್ರೂ ನಿನ್ನ ಕಡಿ ಅದ, ಹುಡುಕು.”

“ಎಂಟೂ ದಿನ ಹುಡುಕೀನ್ರಿ. ಬಿಟ್ಟದ್ದು ಒಂದೂ ಇಲ್ಲ.”

ಆ ಕಡೆ ಗೇಟೊಂದು ಕಿರುಗುಟ್ಟಿ ತೆರೆದು ಮುಚ್ಚಿತು.

“ಎಂಟ ದಿನದಾಗ ಯಾಕ ಹುಡುಕ್ತಿ? ಅದರ ಹಿಂದಿನ ಮುಂಜಾನಿ ನೋಡು. ಒಬ್ಬವ ಬಂದು ಬಿಡಿಸ್ಕೊಂಡಿದ್ದ. ಮರ್ತೀಯೇನು ಡಾಕ್ಟರ?”

ಅಲ್ಲಿಂದ ನೇರ ಬೀದರಿಗೆ ಬಂದೆ. ಗವಸಿನ ತಂತಿ ಪರೀಕ್ಷೆ ಎಂದು ಹೆಸರಿಟ್ಟು ಎತ್ತಿ ಮೂಲೆಗಿಟ್ಟಿದ್ದ ಕಡತ ಹಳೆಯ ಕಂಪ್ಯೂಟರಿನಲ್ಲಿತ್ತು. ಅದನ್ನು ಲ್ಯಾಬಿನಲ್ಲಿದ್ದ ಇನ್ನೊಂದು ಕೈಗೆ, ಯಂತ್ರದ ಮೈಯಿಲ್ಲದೆ ಮೇಜಿಗೆ ತಿರುಪು ಹಾಕಿ ಕೂರಿಸಿದ ಮೊದಲ ಕೈಗೆ, ಹಾಕಿದೆ. ಕಿಟಕಿಯಿಂದ ಬಿಸಿಲು ಆ ಬೆರಳುಗಳ ಮೇಲೆಯೇ ಬಿದ್ದಿತ್ತು, ಮುಟ್ಟಿದರೆ ಬೆಚ್ಚಗಿದ್ದವು. ದಸ್ತಿ ಹಾಸಿ ನನ್ನ ಕೈ ಇಟ್ಟೆ.

ಅದು ನನ್ನ ಅಳತೆಗೇ ಮುಚ್ಚಿತು. ಅವತ್ತು ಹಿಡಿದದ್ದು ನನ್ನ ಕೈಯನ್ನೇ ಅಲ್ಲವೇ? ಗುರುತು ಸಿಕ್ಕಂತೆ ಹಿಡಿಯಿತು. ಮುಚ್ಚಿ, ನಿಂತಿತು. ಆ ನಿಲುಗಡೆ ಅವತ್ತು ನನ್ನ ಗಮನಕ್ಕೆ ಬಂದಿರಲಿಲ್ಲ. ಒಂದು ಉಸಿರಿನಷ್ಟು ಉದ್ದ, ಇಲ್ಲ, ಇನ್ನೂ ಹೆಚ್ಚು. ಮನಸ್ಸು ಬದಲಿಸಲು ನನಗೆ ಕೊಟ್ಟ ಸಮಯ ಅದು. ಆಮೇಲೆ ಹೆಬ್ಬೆರಳು ಎದ್ದಿತು. ನನ್ನ ಮುಂಗೈಯನ್ನು ಎರಡು ಸಲ ತಟ್ಟಿತು. ಬೆರಳುಗಳು ಒಂದೊಂದಾಗಿ ಬಿಚ್ಚಿದವು, ತೋರುಬೆರಳು ತಡವಾಗಿ, ಕಿರುಬೆರಳು ಎಲ್ಲದರ ಕೊನೆಗೆ. ಅಲ್ಲಿಗೆ ಮುಗಿಯಿತೆಂದು ಕೈ ತೆಗೆದೆ. ಮುಗಿದಿರಲಿಲ್ಲ. ಬಿಚ್ಚಿದ ಅಂಗೈ ಮೇಲ್ಮುಖವಾಗಿ, ಏನೂ ಇಲ್ಲದೆ, ಬಹಳ ಹೊತ್ತು ಹಾಗೇ ಇತ್ತು. ಅವತ್ತೂ ನಾನು ಹೀಗೆಯೇ ಬೇಗ ಎಳೆದುಕೊಂಡಿದ್ದೆನೆಂದು ಆಗ ಗೊತ್ತಾಯಿತು.

ಗುರುವಾರ ಮಧ್ಯಾಹ್ನ ಹಳ್ಳಿ ಸೇರಿದೆ. ಅಂಗಳಗಳಲ್ಲಿ ಗಂಟು ಕಟ್ಟಿಟ್ಟಾಗಿತ್ತು. ಶಾಲೆಯ ಕಿಟಕಿಗಳಲ್ಲಿ ಜನ. ಗಾಡಿಯ ಹೆಂಗಸು ತಾನೇ ತಂದ ಎರಡನೆಯ ದಸ್ತಿಯನ್ನು ನಡುವೆ ಹಾಸಿ ಕೈ ಇಟ್ಟಳು. ಕಡತ ಶುರು ಮಾಡಿದೆ. ಮುಚ್ಚಿತು. ಆ ನಿಲುಗಡೆ ಬಂದಾಗ ಕಿಟಕಿಯಲ್ಲಿದ್ದವರೂ ಉಸಿರು ಹಿಡಿದರು. ಬಟ್ಟೆಯ ಕೆಳಗೆ ಎರಡು ಸಲ ತಟ್ಟಿದ್ದು ಕಾಣಿಸಿತು. ಬೆರಳುಗಳು ಬಿಚ್ಚಿದವು. ಅವಳು ಎಳೆದುಕೊಳ್ಳಲಿಲ್ಲ. ಕಿರುಬೆರಳು ಬಿಡುವವರೆಗೆ ಕಾದಳು, ಬಿಟ್ಟ ಮೇಲೆಯೂ ಆ ತೆರೆದ ಅಂಗೈಯ ಮೇಲೆ ತನ್ನ ಕೈಯನ್ನು ಇಟ್ಟೇ ಇದ್ದಳು, ಅದು ಪೂರ್ತಿ ನಿಲ್ಲುವವರೆಗೆ.

“ಬಿಟ್ಟ,” ಎಂದಳು.

ಕಿಟಕಿಯಲ್ಲಿ ಯಾರೋ ಬಿಕ್ಕಿದರು. ಅವಳು ದಸ್ತಿ ಮಡಚುತ್ತ ನನ್ನ ಕಡೆ ತಿರುಗಿದಳು.

“ಇದು ಅವ ನನಗ ಬಿಟ್ಟದ್ದಲ್ಲ. ಮೊದಲೇ ಯಾರಿಗೋ ಬಿಟ್ಟಾನ. ಯಾರಿಗಿ?”

ಸುಳ್ಳು ಹೇಳಬಹುದಿತ್ತು. ಯಾರೋ ರೈತ ಎನ್ನಬಹುದಿತ್ತು. “ನನಗ್ರಿ,” ಎಂದೆ. ಮೂರು ದಿನಕ್ಕೆ ಮುಚ್ಚಿದ್ದು, ಬೆಳಗಾಗುತ್ತಲೇ ಎಂಟು ಮಾಡಿದ್ದು, ಐದನೆಯ ದಿನದ ಜೋಮು, ಹೈದರಾಬಾದಿನ ಗೇಟು, ಎಲ್ಲ ಹೇಳಿದೆ. ಹೊರಗಿನವರೂ ಕೇಳಿಸಿಕೊಂಡರು.

ಅವಳು ಬೆರಳು ಮಡಚಿ ಎಣಿಸಿದಳು. “ಮ್ಯಾಲಿನ ಐದ ದಿನ ಹಂಗೇ ಇಟ್ಕೊಂಡೀ,” ಎಂದಳು.

“ಹೈದರಾಬಾದಿಗಿ ಹೋಗ್ತೇನ್ರಿ. ನಾಳೆನೇ. ದವಾಖಾನಿ ಖರ್ಚು ನಂದೇ.”

“ಹೋಗ್ತೀಯೋ, ಅಲ್ಲಿ ಹೋಗಿ ಅದನ್ನೂ ಎರಡ ದಿನಕ್ಕ ಇಳಸ್ತೀಯೋ?”

ಕಿಟಕಿಯಲ್ಲಿದ್ದವರು ನಕ್ಕರು. ಆ ಊರಲ್ಲಿ ನಾನು ಕೇಳಿದ ಮೊದಲ ನಗು ಅದು. ಅವಳು ಎರಡನೆಯ ದಸ್ತಿಯನ್ನು ನನ್ನ ಹೆಗಲ ಮೇಲೆ ಹಾಕಿದಳು. “ಇದು ತಗೊಂಡು ಹೋಗು. ಕಾಕಾನ ಮುಂದ ನೀ ಹಾಸು. ಅವ ಎಷ್ಟ ಹಿಡಿತಾನೋ ಅಷ್ಟಕ್ಕ ಮುಚ್ಚಬೇಕು. ಹಿಡಿಲಾಕ ಬರ್ಲಿಲ್ಲಂದ್ರ ಬಾಯಿಲೇ ಕೇಳು.” ಮನೆಗೆ ಹೋಗಿ ಹಗ್ಗ ತಂದಳು. ಡ್ರಮ್ಮುಗಳು ಸದ್ದು ಮಾಡಿಕೊಂಡು ಗಾಡಿ ಡಾಂಬರು ರಸ್ತೆಯ ಕಡೆ ಹೋಯಿತು.

ಎಲ್ಲರೂ ಕೊಡ ತರಲು ಚದುರಿದರು. ನಾನು ಯಂತ್ರದ ವಯರು ಕಿತ್ತು ಸುತ್ತಿ, ಚಾದರ ಹೊದಿಸಬೇಕೆಂದು ಎದ್ದೆ. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಬುಗ್ಗೆ ಮೇಲೆದ್ದಿತು. ಹೆಗಲು ತಿರುಗಿತು. ಕೈ ಮುಂದೆ ಬಂದು ನನ್ನ ಎದುರಿಗೆ ಬೆರಳು ಬಿಚ್ಚಿತು, ನಾಲ್ಕು ಮೊದಲು, ಒಂದು ತಡವಾಗಿ. ಅದರಲ್ಲಿ ಆಗ ಯಾವ ಕಡತವೂ ನಡೆಯುತ್ತಿರಲಿಲ್ಲ. ಮೊದಲಿನ ಭಂಗಿ ಅಷ್ಟೇ, ನಾನೇ ಬರೆದದ್ದು. ಹೆಗಲ ಮೇಲಿನ ದಸ್ತಿಯನ್ನು ತೆಗೆದು ಅದರ ಮೇಲೆ ಹಾಸಿದೆ. ಕೆಳಗೆ ನನ್ನ ಕೈ ಇಟ್ಟೆ. ಕಿಟಕಿಯ ಆಚೆ ಗಾಡಿಯ ಸದ್ದು ಕೇಳಿಸದಾಗುವವರೆಗೆ ಹಾಗೇ ಕೂತಿದ್ದೆ. ಅದು ಮುಚ್ಚಲಿಲ್ಲ.